ಯಂತ್ರದ ಜೊತೆ ಒಂದು ಕುರ್ಚಿ

"ತಲೆ ಕಡೆ ಎತ್ತಿ, ಕಾಲು ಕಡೆ ತಗ್ಗಿಸಿ. ಗೋಡೆಗೆ ತಾಗಬಾರದು," ಎಂದು ಮುದುಕ ಮೆಟ್ಟಿಲ ಬುಡದಲ್ಲಿ ನಿಂತು ಹೇಳುತ್ತಿದ್ದ.

ಶವಪೆಟ್ಟಿಗೆ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಹೊತ್ತಿದ್ದವರು ಮುದುಕನ ಕಂಪನಿಯ ಲೋಡಿಂಗ್ ಆಳುಗಳು. ರಕ್ತ ಪರೀಕ್ಷೆಯ ಯಂತ್ರಗಳನ್ನು ಆಸ್ಪತ್ರೆಗಳ ಇಕ್ಕಟ್ಟು ಮೆಟ್ಟಿಲುಗಳಲ್ಲಿ ಹತ್ತಿಸಿ ಇಳಿಸಿ ಪಳಗಿದವರು. ಬೆಳಿಗ್ಗೆ ಹೊಸ ಯಂತ್ರವೊಂದನ್ನು ವ್ಯಾನಿಗೇರಿಸಿ ಹೊರಟವರು, ಸುದ್ದಿ ಕೇಳಿ ವ್ಯಾನನ್ನು ಬೀದಿಯಲ್ಲೇ ನಿಲ್ಲಿಸಿ ಓಡಿಬಂದಿದ್ದರು.

"ಯಜಮಾನ್ರೇ, ನೀವು ಸ್ವಲ್ಪ ಸುಮ್ನಿದ್ರೆ ನಾವು ಇಳಿಸ್ತೀವಿ."

"ನಮ್ಮಕ್ಕ ಕಣಯ್ಯಾ ಅವಳು."

"ನಮಗೂ ಅಕ್ಕನೇ. ಎಡಕ್ಕೆ ವಾಲಿಸ್ರೋ."

ಹಿಂದಿನ ತುದಿಗೆ ಕೈಕೊಟ್ಟಿದ್ದ ಮುದುಕನ ಮಗಳಿಗೆ ನಗು ಬಂತು. ಕಂಪನಿಯನ್ನು ಈಗ ನಡೆಸುತ್ತಿದ್ದವಳು ಅವಳೇ. ಈ ಕಟ್ಟಡದ ಕೆಳಗಿನ ಶೆಡ್ಡಿನಲ್ಲಿ ಹುಟ್ಟಿದ ಕಂಪನಿ ಊರಾಚೆಯ ದೊಡ್ಡ ಕಟ್ಟಡಕ್ಕೆ ಹೋದರೂ ಅತ್ತೆ ಮಾತ್ರ ಮೇಲಿನ ಎರಡು ಕೋಣೆಗಳನ್ನು ಬಿಟ್ಟಿರಲಿಲ್ಲ. ಹಿಂದಿನ ದಿನ ಉಂಡು, ಪಾತ್ರೆ ತೊಳೆದಿಟ್ಟು, ಮಲಗಿದವಳು ಏಳಲಿಲ್ಲ. ಒಬ್ಬರ ಕೈಯಲ್ಲೂ ಚಾಕರಿ ಮಾಡಿಸಿಕೊಳ್ಳದೆ ಹೋಗಿದ್ದಳು.

ಪೆಟ್ಟಿಗೆಯನ್ನು ಅಂಗಳದಲ್ಲಿಳಿಸಿದರು. ಒಯ್ಯುವ ಗಾಡಿ ಇನ್ನೂ ಬಂದಿರಲಿಲ್ಲ. ಬೇರೆ ಬೇರೆ ಲ್ಯಾಬುಗಳಲ್ಲಿ ಯಂತ್ರ ನಡೆಸುವ ಹೆಂಗಸರು ಆಗಲೇ ನೆರೆದಿದ್ದರು, ಕೆಲವರು ಬಿಳಿ ಕೋಟಿನಲ್ಲೇ. ಬಾಡಿಗೆಗೆ ತಂದ ಕುರ್ಚಿಗಳು ಒಂದೂ ಖಾಲಿ ಇರಲಿಲ್ಲ. ಎಲ್ಲರೂ ಉದ್ದಕ್ಕ ಎಂದು ಕರೆಯುವ ಎತ್ತರದ ಮುದುಕಿ ತನ್ನ ಸೊಟ್ಟ ಹೆಬ್ಬೆರಳನ್ನು ಪಕ್ಕದವಳಿಗೆ ತೋರಿಸುತ್ತಿದ್ದಳು.

"ಅವಳದ್ದೂ ಹೀಗೇ ಇತ್ತು, ನೋಡು. ಒಂದೇ ಮೇಜಲ್ಲಿ ದುಡಿದ ಬೆರಳುಗಳು."

"ಅವರಿಗೆ ಕುರ್ಚಿಯಕ್ಕ ಅಂತ ಹೆಸರಿಟ್ಟಿದ್ದು ಯಾರು?"

"ಆಸ್ಪತ್ರೆಯೋರು, ಹಂಗಿಸೋಕೆ ಅಂತ. ಇವಳು ಖುಷಿಯಾಗಿ ಇಟ್ಕೊಂಡ್ಳು."

* * *

ಆ ಕಾಲದಲ್ಲಿ ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಅಕ್ಕ, ಉದ್ದಕ್ಕ ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುತ್ತಿದ್ದರು. ಹೀರುಗೊಳವೆಯ ಗುಂಡಿಯನ್ನು ಹೆಬ್ಬೆರಳಲ್ಲಿ ಒತ್ತಿ ಬಿಟ್ಟು ಒಂದು ನಳಿಕೆಯಿಂದ ರಕ್ತ ಹೀರುವುದು, ಮತ್ತೆ ಒತ್ತಿ ಇನ್ನೊಂದಕ್ಕೆ ಸುರಿಯುವುದು, ದಿನವಿಡೀ ಅದೇ. ಕೂತರೆ ಕೈ ಮಲಗುತ್ತದೆ ಎಂದು ಲ್ಯಾಬಿನ ಮುಖ್ಯಸ್ಥ ಕುರ್ಚಿ ಇಡಿಸಿರಲಿಲ್ಲ. ಅವನದ್ದು ಮಾತ್ರ ತಿರುಗುವ ಕುರ್ಚಿ.

ಬೆರಳು ಬಗ್ಗದೆ ಅಕ್ಕ ಹಲ್ಲಿನಿಂದ ಕೋಟಿನ ಗುಂಡಿ ಬಿಚ್ಚುವುದನ್ನು ರೇಡಿಯೋ ರಿಪೇರಿ ಮಾಡುತ್ತಿದ್ದ ತಮ್ಮ ಒಂದು ಸಂಜೆ ನೋಡಿದ. ಹೊಲಿಗೆ ಯಂತ್ರದ ಮೋಟಾರು ಬಿಚ್ಚಿ, ಹೀರಿ ಸುರಿಯುವ ತೋಳೊಂದನ್ನು ಕಟ್ಟಲು ಕೂತ. ಮೊದಲನೆಯದು ಸೋರಿತು. ಎರಡನೆಯದು ನಳಿಕೆ ಬಿಟ್ಟು ಮೇಜಿನ ಮೇಲೆ ಸುರಿಯಿತು. ಕೊನೆಗೊಂದು ನಡೆಯಿತು. ಅದನ್ನು ಅದೇ ಆಸ್ಪತ್ರೆಗೆ ಹೊತ್ತರು.

ದಣಿದವರನ್ನು ಉಳಿಸುತ್ತೇನೆಂದು ಬರುವ ಯಂತ್ರ ಮೊದಲು ಅಟ್ಟುವುದು ದಣಿದವರನ್ನೇ. ಯಂತ್ರ ಓಡಿದ ದಿನವೇ ಮುಖ್ಯಸ್ಥ ಉದ್ದಕ್ಕನಿಗೆ ನಾಳೆಯಿಂದ ಬರಬೇಡ ಎಂದ. ಗೆಳತಿ ಚೀಲ ಎತ್ತಿಕೊಳ್ಳುವುದನ್ನು ನೋಡಿ ಅಕ್ಕ ಯಂತ್ರದ ವೈರು ಕಿತ್ತಳು.

"ಹೊರೋ ಇದನ್ನ ವಾಪಸ್ಸು."

"ತಲೆ ಕೆಟ್ಟಿದೆಯಾ ಅಕ್ಕಾ? ಇದು ಮಾರಾಟ ಆಗ್ದಿದ್ರೆ ಬೀದಿಗೆ ಬೀಳ್ತೀವಿ."

"ಬೀಳೋಣ. ನನ್ನ ಬೆರಳು ಉಳೀಲಿ ಅಂತ ನೀನು ಮಾಡಿದ್ದಲ್ವೇನೋ ಇದು? ಇವಳ ಅನ್ನ ಕಿತ್ಕೊಳ್ಳಲಿ ಅಂತ ಮಾಡಿದ್ಯಾ?"

ಶೆಡ್ಡಿಗೆ ಹೋಗಿ ಅಲ್ಲಿದ್ದ ಒಂದೇ ಕುರ್ಚಿಯನ್ನು ತಲೆಯ ಮೇಲಿಟ್ಟುಕೊಂಡು ಬೀದಿಯಲ್ಲಿ ನಡೆದು ಬಂದಳು. ಯಂತ್ರದ ಮುಂದಿಟ್ಟು ಗೆಳತಿಯನ್ನು ಕೂರಿಸಿದಳು. "ಇವಳಿಗೆ ನಾನು ಕಲಿಸ್ತೀನಿ, ಇವಳು ನಡೆಸ್ತಾಳೆ. ಬೇಡ ಅಂದ್ರೆ ಯಂತ್ರ, ಕುರ್ಚಿ ಎರಡೂ ಹೊರಗೆ." ಬಾಗಿಲಲ್ಲಿ ಪರೀಕ್ಷೆಗೆ ಕಾದ ನಳಿಕೆಗಳ ರಾಶಿ ಬಿದ್ದಿತ್ತು. ಮುಖ್ಯಸ್ಥ ಗೊಣಗಿಕೊಂಡೇ ಹೂಂ ಎಂದ.

ಅಂದಿನಿಂದ ಕಂಪನಿಯ ಪ್ರತಿ ಯಂತ್ರದ ಜೊತೆ ಒಂದು ಕುರ್ಚಿ ಹೋಯಿತು. ಅಲ್ಲಿಯತನಕ ನಿಂತು ದುಡಿದವರೇ ಅದರಲ್ಲಿ ಕೂರಬೇಕು. ಕೊಳ್ಳುವವರು ನಕ್ಕರು, ಕೆಲವರು ಎದ್ದು ಹೋದರು. ಆದರೆ ಕೂತ ಹೆಂಗಸರು ಯಂತ್ರವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದರು, ಕೆಡಲು ಬಿಡಲಿಲ್ಲ, ಪಕ್ಕದ ಲ್ಯಾಬಿನವರಿಗೆ ಹೇಳಿದರು. ಕಂಪನಿ ಬೆಳೆದದ್ದು ಅವರ ಬಾಯಿಂದ.

* * *

ಹೂವಿನ ಚಕ್ರ ಹಿಡಿದು ಅಂಗಳಕ್ಕೆ ಬಂದವನು ದೊಡ್ಡ ಲ್ಯಾಬೊಂದರ ಮ್ಯಾನೇಜರು. ಪೆಟ್ಟಿಗೆಗೆ ತಲೆಬಾಗಿ, ಮಗಳ ಹತ್ತಿರ ಬಂದು ದನಿ ತಗ್ಗಿಸಿದ.

"ತುಂಬಾ ಬೇಜಾರಾಯ್ತು ಮೇಡಂ. ಯಂತ್ರ ನಾಳೆ ಬಂದ್ರೂ ಸಾಕು, ಗಡಿಬಿಡಿ ಇಲ್ಲ. ಕುರ್ಚಿ ಬೇಡ ಅಂದಿದ್ವಿ, ನೆನಪಿದೆಯಲ್ಲ? ನಾಲ್ಕು ಜನಕ್ಕೆ ಬರಬೇಡಿ ಅಂತ ಆಗ್ಲೇ ಹೇಳಿಬಿಟ್ಟಿದೀವಿ."

ಅವಳಿಗೆ ನೆನಪಿತ್ತು. ಕಂಪನಿಗೆ ಇಷ್ಟು ದೊಡ್ಡ ಆರ್ಡರು ಹಿಂದೆಂದೂ ಸಿಕ್ಕಿರಲಿಲ್ಲ. ವ್ಯಾನಿನಲ್ಲಿದ್ದದ್ದು ಅದರ ಮೊದಲ ಯಂತ್ರ. ಇದರ ಪಕ್ಕ ಯಾರೂ ಕೂರಬೇಕಿಲ್ಲ ಎಂದು ಹೇಳಿಯೇ ಆರ್ಡರನ್ನು ಗಿಟ್ಟಿಸಿದ್ದಳು. ಅತ್ತೆಗೆ ಹೇಳಲು ಮಾತ್ರ ಬಾಯಿ ಬಂದಿರಲಿಲ್ಲ.

ಅಪ್ಪನತ್ತ ನೋಡಿದಳು. ಅವನಿಗೂ, ಹತ್ತಿರದಲ್ಲಿ ಕೂತಿದ್ದ ಉದ್ದಕ್ಕನಿಗೂ ಕೇಳಿಸಿತ್ತು.

"ನನ್ನ ಮುಖ ನೋಡಬೇಡ," ಎಂದ ಮುದುಕ. "ಅವತ್ತು ಅಕ್ಕನಿಗೆ ನಾನೂ ಬೇಡ ಅಂದೋನೇ."

ಉದ್ದಕ್ಕ ಮುಂದಿನ ಸಾಲಿನತ್ತ ಗಲ್ಲ ತಿರುಗಿಸಿದಳು. "ಆ ನಾಲ್ಕು ಜನ ಇವರೇ ಕಣಮ್ಮಾ. ಬೆಳಿಗ್ಗೆ ನಿಮ್ಮತ್ತೆ ಹತ್ರ ಹೇಳ್ಕೊಳ್ಳೋಣ ಅಂತ ಬಂದ್ರು. ಬಂದ್ರೆ ಹಿಂಗಾಗಿದೆ."

ನಾಲ್ವರೂ ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದರು. ಒಬ್ಬಳೂ ತಲೆ ಎತ್ತಲಿಲ್ಲ. ಮಗಳು ಆ ಚೀಲಗಳನ್ನೇ ನೋಡಿದಳು.

"ಸೋಮವಾರದಿಂದ ಇವರು ನಮ್ಮಲ್ಲಿ ಕಲೀತಾರೆ," ಎಂದಳು ಮ್ಯಾನೇಜರಿಗೆ. "ಕಲಿತ ಮೇಲೆ ನಿಮ್ಮಲ್ಲಿ ಯಂತ್ರ ನಡೆಸ್ತಾರೆ. ಆಗ ಕಳಿಸ್ತೀನಿ, ಕುರ್ಚಿ ಸಮೇತ."

"ಯಾರೂ ಬೇಕಿಲ್ಲ ಅಂತ ನೀವೇ ಹೇಳಿದ್ರಿ."

"ಹೇಳ್ದೆ. ಹೇಳಬಾರದಿತ್ತು."

"ನಮ್ಮೋರು ಒಪ್ಪದಿದ್ರೆ?"

"ಆರ್ಡರು ಬೇಡ." ಲೋಡಿಂಗಿನವರತ್ತ ತಿರುಗಿದಳು. "ವ್ಯಾನಿಂದ ಯಂತ್ರ ಇಳಿಸಿ, ಶೆಡ್ಡಲ್ಲಿಡಿ."

"ಇವತ್ತು ಬರೀ ಇಳಿಸೋದೇ ಆಯ್ತು," ಎಂದು ಮುಂದಾಳು ಅಂಗಿಯ ತೋಳು ಮಡಚಿಕೊಂಡ. ಹಿಂದಿನ ಸಾಲಿನಲ್ಲಿ ಕಿಸಕ್ಕೆಂದ ನಗು ಹಬ್ಬಿತು. ಮುದುಕ ಕನ್ನಡಕ ತೆಗೆದು ಒರೆಸಿಕೊಂಡ.

ಮ್ಯಾನೇಜರು ತನ್ನ ಲ್ಯಾಬಿನ ಯಜಮಾನರಿಗೆ ಫೋನು ಹಚ್ಚಿದ. ಅವರು ಮೀಟಿಂಗಿನಲ್ಲಿದ್ದರಂತೆ, ಕಾಯಲು ಹೇಳಿದರು. ಕೂರಲು ಸುತ್ತ ಕಣ್ಣಾಡಿಸಿದ. ಮುಂದಿನ ಸಾಲಿನ ನಾಲ್ವರೂ ಈಗ ತಲೆ ಎತ್ತಿ ಅವನನ್ನೇ ನೋಡುತ್ತಿದ್ದರು. ಯಾರೂ ಏಳಲಿಲ್ಲ. ಬಿಸಿಲು ಏರಿತು. ಅವನು ಒಂದು ಮಂಡಿ ನೀವಿಕೊಂಡ.

"ಒಂದೇ ಕಾಲಿಗೆ ಭಾರ ಬಿಡಬೇಡಿ ಸಾರ್, ಹಿಡ್ಕೊಳ್ಳುತ್ತೆ," ಎಂದಳು ಉದ್ದಕ್ಕ ಕೂತಲ್ಲಿಂದಲೇ. "ಸ್ವಲ್ಪ ಹೊತ್ತು ಈ ಕಾಲು, ಸ್ವಲ್ಪ ಹೊತ್ತು ಆ ಕಾಲು."

ಫೋನನ್ನು ಕಿವಿಗೊತ್ತಿಕೊಂಡೇ ಮ್ಯಾನೇಜರು, ಪೆಟ್ಟಿಗೆಯ ಪಕ್ಕದಲ್ಲಿ, ಬಲಗಾಲಿನ ಭಾರವನ್ನು ಮೆಲ್ಲಗೆ ಎಡಗಾಲಿಗೆ ಸರಿಸಿದ.