ಚಪ್ಪಾಳೆಗೆ ಮುಂಚಿನ ಜಾಗ

ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ಟಿನ ಹಾಗೆ ಮಿನುಗುತ್ತಿದೆ ಹೊಸ ಯಂತ್ರ, ಹಸಿರು, ನೇರಳೆ, ಮತ್ತೆ ಹಸಿರು, ಒತ್ತುವ ಮೊದಲೇ ಇಷ್ಟು ಸಂಭ್ರಮ, ಲ್ಯಾಪ್‌ಟಾಪಿಗೆ ಒಂದು ವೈರು ಸಿಕ್ಕಿಸಿದರೆ ಸಾಕಂತೆ, ಪ್ರಪಂಚದ ಡೋಲೆಲ್ಲ ಬೆರಳ ತುದಿಗೆ, ಪಕ್ಕದಲ್ಲಿ ನನ್ನ ಹಳೆಯ ಸ್ಯಾಂಪ್ಲರ್ — ಸದ್ದು ಹಿಡಿದಿಟ್ಟುಕೊಂಡು ಗುಂಡಿ ಒತ್ತಿದಾಗ ಹೊರಬಿಡುವ ಬೂದುಬಣ್ಣದ ಪೆಟ್ಟಿಗೆ, ಹೆಣ್ಣು ನೋಡಲು ಬಂದವರೆದುರು ಬನಿಯನ್ನಿನಲ್ಲೇ ಬಂದು ಕೂತ ಸೋದರಮಾವನ ಹಾಗೆ, ಒಂದೇ ಕೆಂಪು ದೀಪ, ಅದೂ ಆಗಾಗ ಕಣ್ಣು ಮುಚ್ಚುತ್ತದೆ. ಏನ್ ಚೇತಣ್ಣ, ಇನ್ನೂ ಯೋಚ್ನೆನಾ, ಕತ್ಲಾಗೋಕ್ ಮುಂಚೆ ಕುಶಾಲನಗರ ಸೇರ್ಬೇಕು ನಾನು — ಸುನಿಲ, ಹೊಸದನ್ನು ಕೊಟ್ಟು ಹಳೆಯದನ್ನು ಒಯ್ಯಲು ಬಂದವನು, ಅವನ ಸ್ಟುಡಿಯೋದಲ್ಲಿ ಈಗ ಹಳೆಯದಕ್ಕೇ ಮರ್ಯಾದೆ, ಕೊಡ್ಲಿಪೇಟೆಯ ಮದುವೆಗಳಿಗೆ ಹೊಸದೇ ಆಗಬೇಕು, ಲೋಕದ ನಡೆ ಯಾವಾಗಲೂ ಹೀಗೇ. ಆಗಬೇಕು, ಒಪ್ಪುತ್ತೇನೆ, ಹೋದ ತಿಂಗಳು ಶನಿವಾರಸಂತೆಯ ಮದುವೆಯಲ್ಲಿ ಎಲ್ಲರೂ ಕುಣಿಯುತ್ತಿರುವಾಗಲೇ ಹಳೆಯದು ನಿಂತುಬಿಟ್ಟಿತು, ಎತ್ತಿದ ಕಾಲು ಎತ್ತಿದ ಹಾಗೇ ಮದುಮಗನ ದೊಡ್ಡಪ್ಪ, ಕರೆಂಟ್ ಹೋಯ್ತೋ, ನಿನ್ ಪೆಟ್ಗೆ ಪ್ರಾಣ ಹೋಯ್ತೋ ಹೇಳ್ಬಿಡಯ್ಯ, ಕಾಲಾದ್ರೂ ಇಳಿಸ್ತೀನಿ — ಮುಂದಿನ ಮದುವೆಯವರು ಆಗಲೇ ಹೇಳಿಕಳಿಸಿದ್ದಾರೆ, ಆ ಪೆಟ್ಗೆ ತರೋದಾದ್ರೆ ಬರ್ಲೇಬೇಡಿ.

ಈ ಹಳೆಯದರ ಹೊಟ್ಟೆಯಲ್ಲಿ ಹಿಡಿಯುವುದೇ ಕೆಲವು ಸೆಕೆಂಡಿನ ಸದ್ದು, ಒಂದು ಹಾಕಬೇಕಾದರೆ ಇನ್ನೊಂದು ತೆಗೆಯಬೇಕು, ಡೋಲಿಗೆ ಜಾಗ ಮಾಡಲು ತಮಟೆಯ ಸದ್ದಿನ ಬಾಲ ಕತ್ತರಿಸಿದವನು ನಾನು, ಅಂಥ ಜಿಪುಣ, ಒಂದೇ ಒಂದು ಸದ್ದಿಗೆ ಮುಂಚೆ ಖಾಲಿ ಜಾಗ ಉಳಿಸಿದ್ದೆ — ದಿವ್ಯಶ್ರೀಯ ಚಪ್ಪಾಳೆ. ನಮ್ಮ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದಳು, ಅವತ್ತು ಹಾಡು ಮುಗಿದು ವಾಲಗ ಶುರುವಾಗಿತ್ತು, ವಾಲಗ ಕೇಳಿದರೆ ನಮ್ಮ ಕಡೆ ಅಡುಗೆಭಟ್ಟರ ಸೌಟೂ ಸುಮ್ಮನಿರುವುದಿಲ್ಲ, ಮೈಕು ತೆರೆದೇ ಇತ್ತು, ಪೆಟ್ಟಿಗೆ ಸದ್ದು ಹಿಡಿದುಕೊಳ್ಳುತ್ತಿತ್ತು, ಅವಳು ಕೈ ಎತ್ತಿದಳು, ಬಳೆಗಳು ಮೊಣಕೈಗೆ ಜಾರಿದವು, ಹೊಡೆಯಲಿಲ್ಲ, ಕಾದಳು, ಕೈ ಗಾಳಿಯಲ್ಲಿ — ಆಮೇಲೆ ಹೊಡೆದಳು. ಲೇಟು ಕಣ್ರೀ, ಅಂದೆ. ಲೇಟಲ್ಲ ಚೇತನ್, ವಾಲಗ ಗಡಿಯಾರ ಅಲ್ಲ, ಮದ್ವೆಗ್ ಬಂದೋರ್ ತರ ಅಲ್ಲಲ್ಲಿ ನಿಂತು ಮಾತಾಡ್ಕಂಡ್ ಬರ್ತದೆ, ನಾವು ಕಾಯ್ಬೇಕು. ಕಾಯುವುದನ್ನು ಕಲಿಸಿಟ್ಟು ಅರಸೀಕೆರೆಗೆ ಹೋದಳು, ಶಾಲೆಯಲ್ಲಿ ಸಂಗೀತದ ಟೀಚರು, ಈಗ ಆರ್ಕೆಸ್ಟ್ರಾದ ವಾಟ್ಸಾಪಿನಲ್ಲಿ ದಿನಾ ಹಾಲಿನವನಿಗಿಂತ ಮುಂಚೆ ಅವಳ ಗುಲಾಬಿಯ ಶುಭೋದಯ, ಹದಿನಾರು ಜನಕ್ಕೂ ಒಂದೇ ಹೂವು, ಅದರಲ್ಲಿ ನನ್ನ ಪಾಲಿನ ಎಸಳು ಯಾವುದೆಂದು ಹುಡುಕುತ್ತಾ ಕಾಫಿ ಆರಿಸಿಕೊಳ್ಳುತ್ತೇನೆ.

ಹೊಸದನ್ನು ಒತ್ತುತ್ತೇನೆ, ಟಪ್. ಅವಳದೇ ಚಪ್ಪಾಳೆ, ಶುಭ್ರವಾಗಿದೆ, ತಾಳಕ್ಕೆ ಸರಿಯಾಗಿದೆ, ಆದರೆ ಕೈ ಎತ್ತಿದ್ದೆಲ್ಲಿ. ಮುಂದ್ಗಡೆ ಸುಮ್ನೆ ಖಾಲಿ ಇತ್ತಣ್ಣ, ಹಳೇದ್ರಿಂದ ಕಾಪಿ ಮಾಡ್ತಾ ಕತ್ರಿಸ್ದೆ, ಬೇಕಾದ್ರೆ ಅಷ್ಟೇ ಖಾಲಿ ಹಾಕ್ಕೊಡ್ತೀನಿ, ಖಾಲಿ ಅಂದ್ರೆ ಖಾಲಿ ತಾನೇ. ಬಳೆ ಜಾರಿದ್ದು ಖಾಲಿಯೇ, ಉಸಿರು ಹಿಡಿದದ್ದು ಖಾಲಿಯೇ, ಊರಿನ ಸದ್ದೆಲ್ಲ ತುಂಬಿದರೂ ತುಂಬದ ಯಂತ್ರಕ್ಕೆ ಒಂದು ಉಸಿರಿಗೆ ಜಾಗವಿರಲಿಲ್ಲವೇ — ಕತ್ತರಿಸದೆ ಮತ್ತೆ ಕಾಪಿ ಮಾಡಿಸಬಹುದು, ಅಷ್ಟು ಬುದ್ಧಿ ನನಗೂ ಇದೆ, ಆದರೆ ಅಲ್ಲಿ ಲಕ್ಷ ಸದ್ದುಗಳಲ್ಲಿ ಅದೂ ಒಂದು, ಅದಕ್ಕಾಗಿ ಯಾರೂ ಏನನ್ನೂ ಬಿಟ್ಟುಕೊಟ್ಟಿರುವುದಿಲ್ಲ. ಸುನಿಲ ಹಳೆಯದಕ್ಕೆ ಟವೆಲು ಸುತ್ತುತ್ತಿದ್ದಾನೆ. ಬಿಡು ಮಾರಾಯ, ನಿನ್ ಬಣ್ಣದ ದೀಪದ ಹೊಸದನ್ನೇ ಕಟ್ಕೊಂಡ್ ಹೋಗು. ಅಯ್ಯೋ, ಮತ್ತೆ ಮದ್ವೆ? ಮದುವೆ ಅದರ ಪಾಡಿಗೆ ಆಗುತ್ತದೆ, ನಾನಿಲ್ಲದೆ ಎಷ್ಟೋ ಆಗಿವೆ, ಅರಸೀಕೆರೆಯಲ್ಲೂ ಒಂದು ಆಗಬಹುದು — ಟವೆಲು ಸರಿಸಿ ಅವಳ ಚಪ್ಪಾಳೆಯ ಗುಂಡಿ ಒತ್ತುತ್ತೇನೆ, ಏನೂ ಕೇಳಿಸುವುದಿಲ್ಲ, ಕೆಂಪು ದೀಪ ಕಣ್ಣು ಮುಚ್ಚುತ್ತದೆ, ನಿಂತಿತೋ, ಕಾಯುತ್ತಿದೆಯೋ, ಬಳೆಗಳು ಮೊಣಕೈಯಲ್ಲಿ, ಕೈ ಗಾಳಿಯಲ್ಲಿ, ಕೈ ಇನ್ನೂ ಗಾಳಿಯಲ್ಲಿ