ಚರ್ಚಿನ ಏರುದಾರಿಗೆ ಉಪ್ಪು ಹಾಕಿದ ಸಂಜೆ

ನನ್ನ ಅಕ್ಕ ಈನಿಡ್ ತೀರಿಕೊಂಡ ಸುದ್ದಿ ಸೋಮವಾರ ಬೆಳಿಗ್ಗೆ ಆಸ್ಪತ್ರೆಯಿಂದ ಫೋನಿನಲ್ಲಿ ಬಂತು. ಹಿಂದಿನ ವಾರ, ಆಗತಾನೆ ಬೆಳಕು ಹರಿಯುತ್ತಿದ್ದಾಗ, ಚರ್ಚಿನ ಬಾಗಿಲು ತೆರೆಯಲು ಹೊರಟವಳು ನಮ್ಮ ಬೀದಿಯ ಏರಿನಲ್ಲಿ ಹೆಪ್ಪುಗಟ್ಟಿದ ಹಿಮದ ಮೇಲೆ ಜಾರಿ ಬಿದ್ದಿದ್ದಳು. ಸೊಂಟದ ಮೂಳೆ ಮುರಿದಿತ್ತು. ಶಸ್ತ್ರಚಿಕಿತ್ಸೆ ಆಯಿತು. ಆದರೆ ಆ ಮುದಿ ಹೃದಯ ತಾಳಲಿಲ್ಲ. ಫೋನು ಕೆಳಗಿಟ್ಟು, ದೇವರೇ, ನಿನ್ನ ಇಚ್ಛೆ ಎಂದೆ. ಬಾಯಿ ಹೇಳಿದ್ದನ್ನು ಮನಸ್ಸು ಒಪ್ಪಲು ಬಹಳ ಹೊತ್ತು ಬೇಕಾಯಿತು.

ನಮ್ಮ ಆಲ್ಡರ್‌ಬೆಕ್ ಊರಿನಲ್ಲಿ ಸಾವಿನ ಮನೆಗೆ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಎದುರು ಮನೆಯ ಡೆಸ್ಮಂಡ್ ಪಾರ್ಗೆಟರ್, ಹೆಂಡತಿ ಬೇಯಿಸಿದ ಮಾಂಸದ ಪೈ ಹಿಡಿದುಕೊಂಡು ಬಂದ. ಒಳಗೆ ಬಾ ಎಂದರೂ ಬರಲಿಲ್ಲ.

"ಶವಪೆಟ್ಟಿಗೆ ಹೊರೋರಲ್ಲಿ ನನ್ನನ್ನೂ ಸೇರಿಸ್ಕೊ, ಆಂಬ್ರೋಸ್," ಎಂದಷ್ಟೇ ಹೇಳಿ ಹೋದ.

ನಮ್ಮ ಬೀದಿ ಕಿರಿದು. ಶವದ ವಾಹನ ಕೆಳಗೇ ನಿಲ್ಲುತ್ತದೆ. ಅಲ್ಲಿಂದ ಚರ್ಚಿನವರೆಗೆ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಏರಬೇಕು. ಉಳಿದವರು ಹಿಂದೆ ನಡೆಯುತ್ತಾರೆ. ಅಕ್ಕನ ಹಿಂದೆ ನಡೆಯುವವರೆಲ್ಲ ಅವಳದೇ ವಯಸ್ಸಿನವರು.

ಸಂಸ್ಕಾರದ ಹಿಂದಿನ ದಿನ ಮತ್ತೆ ಹಿಮ ಬಿತ್ತು. ಮಧ್ಯಾಹ್ನ ಗ್ವೆಂಡಾ ಹಾಲಿವೆಲ್ ನಮ್ಮ ಮನೆಗೆ ಬಂದಳು. ಅಕ್ಕನ ಜೊತೆ ಚರ್ಚಿನಲ್ಲಿ ಹೂ ಜೋಡಿಸುತ್ತಿದ್ದವಳು. ಊರ ಕೌನ್ಸಿಲ್‌ಗೆ ನಾವೇ ಆರಿಸಿ ಕಳಿಸಿದ ಸದಸ್ಯೆ. ಡೆಸ್ಮಂಡನೂ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದ.

"ರಾತ್ರಿ ಗಟ್ಟಿಯಾಗಿ ಹೆಪ್ಪುಗಟ್ಟುತ್ತಂತೆ," ಎಂದಳು ಗ್ವೆಂಡಾ. "ಈಗಲೇ ಹಿಮ ತೆಗೆದು, ಮತ್ತೆ ಹೆಪ್ಪುಗಟ್ಟದ ಹಾಗೆ ಉಪ್ಪು ಹಾಕ್ಬೇಕು. ಇಲ್ದಿದ್ರೆ ನಾಳೆ ಈನಿಡ್‌ನ ಹೊತ್ತೋರೂ ಬೀಳ್ತಾರೆ, ಹಿಂದೆ ಬರೋ ಮುದುಕಿಯರೂ ಬೀಳ್ತಾರೆ."

"ಹಾಕ್ಲಿ ನಿಮ್ಮ ಕೌನ್ಸಿಲ್‌ನೋರು," ಎಂದ ಡೆಸ್ಮಂಡ್. "ತೆರಿಗೆ ಕಟ್ಟಲ್ವಾ ನಾವು?"

"ಉಪ್ಪಿನ ಲಾರಿ ದೊಡ್ಡ ರಸ್ತೆಗೆ ಬರುತ್ತೆ. ಈ ಸಂದಿಗೆ ಎಲ್ಲಿ ನುಗ್ಗುತ್ತೆ ಅದು? ಅದಕ್ಕೇ ಮೂಲೇಲಿ ಹಳದಿ ಪೆಟ್ಟಿಗೆ ತುಂಬಾ ಉಪ್ಪು ಇಟ್ಟಿರೋದು."

"ಅದು ಸರ್ಕಾರದ ಮಾಲು ಕಣಮ್ಮ. ಮುಟ್ಟಿದ್ರೆ ಕಳ್ಳತನ ಅಂತಾರೆ."

"ನಿನ್ನ ಮನೆ ಅಂಗಳಕ್ಕೆ ಹೊತ್ಕೊಂಡು ಹೋದ್ರೆ ತಪ್ಪು. ಎಲ್ಲರೂ ನಡೆಯೋ ದಾರಿಗೆ ಹಾಕೋಕೆ ಅಂತ್ಲೇ ಇಟ್ಟಿದಾರೆ. ಬೀಗ ಇದೆಯಾ ಅದಕ್ಕೆ?"

"ನಾನು ನೋಡಿಲ್ಲ."

"ನೋಡಿಲ್ವಾ? ದಿನಾ ಅದರ ಮೇಲೇ ಕೂತು ಪೈಪ್ ಸೇದ್ತೀಯಲ್ಲೋ!"

ನನಗೂ ನಗು ಬಂತು. ಅಷ್ಟು ದಿನಗಳಲ್ಲಿ ಅದೇ ಮೊದಲು. ಡೆಸ್ಮಂಡ್ ಮಾತ್ರ ನಗಲಿಲ್ಲ.

"ಅದಿರ್ಲಿ. ನಾನು ಹಿಮ ತೆಗೆದೆ ಅಂತಿಟ್ಕೊ. ಅಲ್ಲೇ ಯಾರೋ ಜಾರಿದ್ರು. ನೆಟ್ಟಗೆ ವಕೀಲರ ಹತ್ರ ಓಡ್ತಾರೆ. ಮುಟ್ಟದೇ ಬಿಟ್ರೆ ಅದು ದೇವರ ಹಿಮ. ಮುಟ್ಟಿದ್ರೆ ನನ್ನ ಹಿಮ."

"ಹಾಗೆ ಕೋರ್ಟಿಗೆ ಹೋದ ಒಬ್ಬರ ಹೆಸರು ಹೇಳು ನೋಡೋಣ."

"ಪಬ್‌ನಲ್ಲಿ ಎಲ್ಲರೂ ಹೇಳ್ತಾರೆ."

"ಪಬ್‌ನಲ್ಲಿ ನೀನು ಹಿಡಿದ ಮೀನಿನ ಉದ್ದಾನೂ ಹೇಳ್ತಾರೆ." ಗ್ವೆಂಡಾ ಕುರ್ಚಿ ಎಳೆದುಕೊಂಡು ಅವನೆದುರು ಕೂತಳು. "ಕೇಳು ಮಾರಾಯ. ಕೇಸಿಗೆ ಹೆದರಿ ಸುಮ್ಮನೆ ಕೂರಬೇಡಿ ಅಂತ ಸರ್ಕಾರವೇ ಹೇಳಿದೆ. ಜೋಪಾನವಾಗಿ, ಬುದ್ಧಿ ಇಟ್ಟು ದಾರಿ ಬಿಡಿಸಿದೋರ ಮೇಲೆ ಹೊಣೆ ಬರೋದು ತೀರಾ ಅಪರೂಪ. ಇದ್ದ ಅಪಾಯ ಇನ್ನೂ ಹೆಚ್ಚಾಗೋ ಹಾಗೆ ಮಾಡ್ಬಾರ್ದು, ಅಷ್ಟೇ. ನಮ್ಮ ಕೌನ್ಸಿಲ್ ಸುದ್ದಿಪತ್ರದಲ್ಲಿ ಅಚ್ಚು ಹಾಕಿ ಮನೆಮನೆಗೂ ಹಂಚಿದ್ವಲ್ಲ?"

"ಅದರಿಂದ ಒಲೆ ಹೊತ್ತಿಸಿದೆ," ಎಂದ ಡೆಸ್ಮಂಡ್ ಮೆಲ್ಲಗೆ.

ಅವನು ಬಟ್ಟಲನ್ನು ಮೇಜಿನ ಮೇಲೆ ತಿರುಗಿಸುತ್ತಲೇ ಇದ್ದ. ಆಮೇಲೆ ನನ್ನ ಕಡೆ ನೋಡದೆ ಹೇಳಿದ:

"ಆವತ್ತು ನಾನು ಈನಿಡ್‌ಗಿಂತ ಮುಂಚೆ ಎದ್ದಿದ್ದೆ, ಆಂಬ್ರೋಸ್. ಸಲಿಕೆ ಹಿಡ್ಕೊಂಡು ಗೇಟಿನ ತನಕ ಬಂದೆ. ಅವಳು ಇದೇ ದಾರೀಲಿ ಬರ್ತಾಳೆ ಅಂತ ಗೊತ್ತಿತ್ತು ನನಗೆ. ಆಮೇಲೆ ಯಾಕಪ್ಪಾ ಬೇಡದ ಉಸಾಬರಿ ಅಂತ ಸಲಿಕೆ ವಾಪಸ್ ಇಟ್ಟು ಒಳಗೆ ಹೋದೆ."

ನನಗೆ ಸಿಟ್ಟು ಬಂದದ್ದು ನಿಜ. ಅವನ ಮುಖ ನೋಡಿದೆ. ಅಷ್ಟೂ ದಿನ ಅವನು ನಿದ್ದೆ ಮಾಡಿರಲಿಲ್ಲ ಎಂಬುದು ತಿಳಿಯಿತು. ಬಿದ್ದವಳ ಬಳಿಗೆ ಮೊದಲು ಓಡಿಬಂದು ಕೋಟು ಹೊದಿಸಿದವನೂ ಅವನೇ.

"ಈಗ ಹೋಗಿ ಆ ಸಲಿಕೆ ತಗೊಂಡು ಬಾ," ಎಂದೆ.

ಅವನು ಎದ್ದು ಹೋದ.

ಬೆಳಕಿರುವಾಗಲೇ ಕೆಲಸಕ್ಕೆ ಇಳಿದೆವು. ಮೊದಲು ದಾರಿಯ ನಡುವೆ ಒಬ್ಬರು ನಡೆಯುವಷ್ಟು ಅಗಲ ಬಿಡಿಸಿ, ಅಲ್ಲಿಂದ ಉಳಿದ ಹಿಮವನ್ನು ಅಂಚಿನ ಕಡೆಗೆ ತಳ್ಳಿದೆವು. ಚರಂಡಿಯ ಬಾಯಿಗೆ, ಇನ್ನೊಬ್ಬರ ಬಾಗಿಲಿಗೆ ಹಿಮ ಒಟ್ಟಲಿಲ್ಲ. ಡೆಸ್ಮಂಡನ ಹೆಂಡತಿ ಹಿಲರಿ ದೊಡ್ಡ ಕೆಟಲ್ ತುಂಬ ಬಿಸಿನೀರು ತಂದಳು.

"ಸುರಿದುಬಿಡ್ಲಾ? ಒಂದೇ ಸಲಕ್ಕೆ ಕರಗುತ್ತೆ."

"ಅಯ್ಯೋ, ಬೇಡ ಕಣೇ!" ಗ್ವೆಂಡಾ ಕೂಗಿದಳು. "ರಾತ್ರಿ ಅದೇ ನೀರು ಗಾಜಿನ ಹಾಗೆ ಹೆಪ್ಪುಗಟ್ಟುತ್ತೆ, ಕಣ್ಣಿಗೂ ಕಾಣಲ್ಲ. ಅದರಲ್ಲಿ ಚಹಾ ಮಾಡು, ಪುಣ್ಯ ಬರುತ್ತೆ."

ಡೆಸ್ಮಂಡ್ ಹಳದಿ ಪೆಟ್ಟಿಗೆಯ ಮುಚ್ಚಳ ಎತ್ತಿದ. ಅದು ಸಲೀಸಾಗಿ ತೆರೆಯಿತು. ಉಪ್ಪನ್ನು ರಾಶಿ ಹಾಕದೆ, ಕೋಳಿಗೆ ಕಾಳು ಎರಚಿದಂತೆ ತೆಳ್ಳಗೆ ಎರಚಿದೆವು. ಚರ್ಚಿನ ಮೆಟ್ಟಿಲುಗಳಿಗೆ ಮಾತ್ರ ಒಂದು ಹಿಡಿ ಹೆಚ್ಚು. ಸದ್ದು ಕೇಳಿ ಕೆಳಗಿನ ಮನೆಗಳವರೂ ಹೊರಗೆ ಬಂದರು. ಅವರಲ್ಲೂ ಹಲವರು ಕೇಸಿಗೆ ಹೆದರಿಯೇ ಬಾಗಿಲು ಹಾಕಿಕೊಂಡು ಕೂತಿದ್ದವರು.

ಮರುದಿನ ಸುತ್ತಲಿನ ಹೊಲಗಳೆಲ್ಲ ಬೆಳ್ಳಗೆ ಗಟ್ಟಿಯಾಗಿದ್ದವು. ನಮ್ಮ ಏರುದಾರಿ ಒದ್ದೆಯಾಗಿ ಕಪ್ಪಗಿತ್ತು. ಡೆಸ್ಮಂಡ್ ಶವಪೆಟ್ಟಿಗೆಯ ಮುಂದಿನ ಎಡಬದಿಗೆ ಹೆಗಲು ಕೊಟ್ಟಿದ್ದ. ಪ್ರತಿ ಹೆಜ್ಜೆಯನ್ನೂ ಊರಿ ನೋಡಿ ಇಟ್ಟ. ಮುದುಕಿಯರು ತೋಳಿಗೆ ತೋಳು ಕೊಟ್ಟು ಹಿಂದೆ ಬಂದರು. ಯಾರೂ ಜಾರಲಿಲ್ಲ. ಅಕ್ಕ ತಾನೇ ಪ್ರತಿದಿನ ತೆರೆಯುತ್ತಿದ್ದ ಬಾಗಿಲಿನಿಂದ ಒಳಗೆ ಹೋದಳು.

ಓದುವ ಬಂಧುಗಳೇ, ನಿಮ್ಮ ಮನೆಯ ಮುಂದಿನ ದಾರಿಯಲ್ಲಿ ನಡೆಯುವವರು ಯಾರು ಎಂದು ನಿಮಗೆ ಗೊತ್ತು. ಹಿಮ ಬಿದ್ದರೆ ಹೆಪ್ಪುಗಟ್ಟುವ ಮೊದಲೇ ತೆಗೆಯಿರಿ, ಉಪ್ಪು ಎರಚಿ, ಬಿಸಿನೀರು ಸುರಿಯಬೇಡಿ. ಹಿಮವಿಲ್ಲದ ಊರಿನಲ್ಲಿ ಪಾಚಿ ಇದ್ದೀತು, ಸರಿದ ಚರಂಡಿಕಲ್ಲು ಇದ್ದೀತು. ಅವರಿವರು ಹೇಳಿದ ಭಯವನ್ನು ನಂಬುವ ಮೊದಲು, ನೀವೇ ಆರಿಸಿದ ಸದಸ್ಯರನ್ನು ಒಂದು ಮಾತು ಕೇಳಿ. ಅವರು ಹಂಚಿದ ಕಾಗದವನ್ನು ಒಲೆಗೆ ಹಾಕುವ ಮುನ್ನ ಓದಿ. ಕೈಯಲ್ಲಿ ಹಿಡಿದ ಸಲಿಕೆಯನ್ನು ವಾಪಸ್ ಇಡಬೇಡಿ.

ದಯಾಮಯನಾದ ದೇವರೇ, ನಿನ್ನ ಮನೆಯ ಸೇವೆಗೆ ಹೊರಟು ದಾರಿಯಲ್ಲಿ ಬಿದ್ದ ಈನಿಡ್‌ಳನ್ನು ನಿನ್ನ ಕೈಯಲ್ಲಿ ಎತ್ತಿಕೋ. ಅವಳ ನೋವನ್ನು ಕಳೆ. ನಿತ್ಯ ಬೆಳಕಿನಲ್ಲಿ ಅವಳಿಗೆ ಶಾಂತಿಯನ್ನು ಕೊಡು. ಆಮೆನ್.