ನರಿ ಕಚ್ಚಿದ ಗುರುವಾರ

ನಾಯಿಗಳ ತಟ್ಟೆಗಳನ್ನು ಹೊತ್ತು ತೊಳೆಯುವ ಕೋಣೆಗೆ ಬಂದ ಕಂಡಕ್ಟರಮ್ಮನಿಗೆ ಮೊದಲು ಕಂಡದ್ದು ನಾದಿನಿಯ ಬೆನ್ನು. ನಲ್ಲಿ ಜೋರಾಗಿ ಬಿಟ್ಟಿತ್ತು. ಬಲಗೈಯನ್ನು ನೀರಿನ ಕೆಳಗೆ ಹಿಡಿದು, ಎಡಗೈಯಿಂದ ಸೋಪು ಉಜ್ಜುತ್ತಿದ್ದಳು. ಉಜ್ಜುತ್ತಲೇ ಇದ್ದಳು.

“ಏನೇ ಪುಟ್ಟಿ, ಕೈಯ ಬಣ್ಣ ಬಿಡಿಸ್ತಿದ್ದೀಯಾ?”

ಪುಟ್ಟಿ ತಿರುಗಿದಳು. ಮುಖ ಬಿಳಿಚಿಕೊಂಡಿತ್ತು. ಕಂಡಕ್ಟರಮ್ಮ ತಟ್ಟೆಗಳನ್ನು ಅಲ್ಲೇ ಕೆಳಗಿಟ್ಟಳು.

ಹತ್ತೊಂಬತ್ತು ವರ್ಷದಿಂದ ಬಸ್ಸಿನಲ್ಲಿ ಟಿಕೆಟ್ ಹರಿಯುವವಳು ಎಂದು ಇಲ್ಲೂ ಅವಳಿಗೆ ಅದೇ ಹೆಸರು. ವಾರದ ರಜೆ ಗುರುವಾರ. ಆ ದಿನ ಊರಾಚೆಯ ಈ ಪ್ರಾಣಿ ಆರೈಕೆ ಕೇಂದ್ರಕ್ಕೆ ಬಂದು ಪುಕ್ಕಟೆ ದುಡಿಯುತ್ತಿದ್ದಳು. ಮುಂಭಾಗದಲ್ಲಿ ಬೀದಿನಾಯಿ, ಬೆಕ್ಕುಗಳು. ಹಿಂದೆ, ತಗಡಿನ ಬೇಲಿಯೊಳಗೆ, ಪೆಟ್ಟು ತಿಂದ ಕಾಡುಪ್ರಾಣಿಗಳ ವಾರ್ಡು. ಹೋದ ವರ್ಷ ಗಂಡನ ತಂಗಿಯನ್ನೂ ಎಳೆದುಕೊಂಡು ಬಂದಿದ್ದಳು. ವಯಸ್ಸು ಮೂವತ್ತನಾಲ್ಕಾದರೂ ಅವಳು ಮನೆಯವರಿಗೆಲ್ಲ ಪುಟ್ಟಿಯೇ. ಮನೆಯಲ್ಲಿ ಕೂತು ಪುಸ್ತಕಗಳ ಕರಡು ತಿದ್ದುವ ಕೆಲಸ. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಇಲ್ಲಿ ಬಂದರೆ ಮಾತ್ರ ಪಂಜರಗಳ ಮುಂದೆ ಕೂತು ಬಾಯಿ ಮುಚ್ಚುತ್ತಿರಲಿಲ್ಲ. ಮೂರು ವಾರದ ಹಿಂದೆ ಹೆದ್ದಾರಿಯಲ್ಲಿ ಗಾಡಿ ಹೊಡೆದು ಕಾಲಿಗೆ ಪೆಟ್ಟು ಬಿದ್ದ ಹೆಣ್ಣು ನರಿಯೊಂದು ಬಂದಮೇಲಂತೂ ದಿನಾ ಓಡಿ ಬರುತ್ತಿದ್ದಳು. ಒರೆಸುವ ಬಟ್ಟೆ ಎಳೆದು ಹೊಟ್ಟೆಯಡಿ ಬಚ್ಚಿಟ್ಟುಕೊಳ್ಳುತ್ತದೆಂದು ಅದಕ್ಕೆ ಕಳ್ಳಿ ಎಂದು ಹೆಸರಿಟ್ಟಿದ್ದಳು. ಬರುವ ಭಾನುವಾರ ಅದನ್ನು ಕಾಡಿಗೆ ಬಿಡುವುದೆಂದು ನಿಶ್ಚಯವಾಗಿತ್ತು.

“ಕೈ ತೋರಿಸು.”

ತೋರುಬೆರಳ ಬುಡದಲ್ಲಿ ಎರಡು ಚುಕ್ಕೆ. ಒಂದರಿಂದ ರಕ್ತ ಜಿನುಗುತ್ತಿತ್ತು.

“ಕಳ್ಳಿಯಾ?”

“ಬಟ್ಟಲು ತೆಗೆಯೋಕೆ ಹೋದೆ. ಕೈ ಕತ್ತಿಗೆ ತಾಗಿತೋ ಏನೋ, ತಟ್ಟಂತ ಬಾಯಿ ಹಾಕಿದಳು.”

“ದಪ್ಪ ಗ್ಲೌಸು?”

ಪುಟ್ಟಿ ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ಮಾತು ಒಂದೇ ಉಸಿರಿಗೆ ಬಂತು. “ಡಾಕ್ಟರಿಗೆ ಹೇಳಬೇಡಿ ಅತ್ತಿಗೆ. ಈಗಲೇ ಹೋಗಿ ಇಂಜೆಕ್ಷನ್ ತಗೊಳ್ತೀನಿ. ಬೆಕ್ಕು ಕಚ್ಚಿತು ಅಂತೀನಿ. ಮೂರು ದಿನ ಕಳೆದರೆ ಅವಳು ಕಾಡು ಸೇರ್ತಾಳೆ. ನಿಮ್ಮ ಕಾಲಿಗೆ ಬೀಳ್ತೀನಿ.”

ನಿಯಮ ಇಬ್ಬರಿಗೂ ಗೊತ್ತಿತ್ತು. ಕಾಡುಪ್ರಾಣಿ ಕಚ್ಚಿದರೆ, ಅದಕ್ಕೆ ಹುಚ್ಚುನಾಯಿ ರೋಗ ಇದೆಯೋ ಇಲ್ಲವೋ ನೋಡಲೇಬೇಕು. ನೋಡಬೇಕಾದದ್ದು ಮೆದುಳಿನಲ್ಲಿ. ಮೆದುಳು ಬೇಕೆಂದರೆ ಪ್ರಾಣಿ ಉಳಿಯುವುದಿಲ್ಲ.

ಇನ್ನೊಂದು ವಿಷಯವೂ ಇತ್ತು. ಒಳಗಿನ ವಾರ್ಡಿಗೆ ಹೋಗುವವರು ಆ ರೋಗದ ಲಸಿಕೆಯನ್ನು ಮೊದಲೇ ಮೂರು ಸಲ ಚುಚ್ಚಿಸಿಕೊಂಡಿರಬೇಕು. ಸೂಜಿ ಕಂಡರೆ ಕಣ್ಣು ಕತ್ತಲೆ ಬರುವ ಪುಟ್ಟಿ ಒಂದು ಹಾಕಿಸಿಕೊಂಡು ಸಾಕೆಂದು ಕೈಮುಗಿದಿದ್ದಳು. ಮೂರೂ ಆಗಿವೆ ಎಂದು ಫಾರಂ ತುಂಬಿ ಕೊಟ್ಟವಳು ಕಂಡಕ್ಟರಮ್ಮ. ಆಮೇಲೆ ಹಾಕಿಸಿದರಾಯಿತು ಎಂದುಕೊಂಡಿದ್ದು ಹಾಗೇ ಮರೆತುಹೋಗಿತ್ತು.

“ಇನ್ನೂ ತೊಳಿ. ಹದಿನೈದು ನಿಮಿಷ ಆಗೋವರೆಗೂ ನಲ್ಲಿ ಬಿಟ್ಟು ಕದಲಬೇಡ” ಎಂದು ಹೇಳಿ ಅವಳು ವಾರ್ಡಿಗೆ ಹೋದಳು.

ನರಿ ಮೂಲೆಯಲ್ಲಿ ಕತ್ತು ಓರೆ ಮಾಡಿ ಕೂತಿತ್ತು. ನೀರಿನ ಬಟ್ಟಲು ತುಂಬಿದ್ದು ತುಂಬಿದಂತೆಯೇ ಇತ್ತು. ಬಾಯಿಯ ಒಂದು ಬದಿಯಿಂದ ಜೊಲ್ಲು ಎಳೆಎಳೆಯಾಗಿ ಇಳಿಯುತ್ತಿತ್ತು. ಎರಡೂ ಆ ರೋಗದ ಲಕ್ಷಣಗಳೇ.

“ನಮ್ಮ ರಾಣಿಯಮ್ಮ ಇವತ್ತು ಮುನಿಸಿಕೊಂಡಿದ್ದಾಳೆ” ಎನ್ನುತ್ತಾ ಹಾರನ್ ಅಣ್ಣ ಒಳಗೆ ಬಂದ. ಕೇಂದ್ರದ ಆಂಬುಲೆನ್ಸ್ ಓಡಿಸುವವನು; ಎದುರಿಗೆ ಇರುವೆ ಬಂದರೂ ಹಾರನ್ ಹೊಡೆಯುತ್ತಾನೆಂದು ಆ ಹೆಸರು. “ನಿನ್ನೆ ಪಂಜರ ಬದಲಾಯಿಸಿದೆನಲ್ಲ, ನನ್ನ ಕೈಯೆಲ್ಲ ಜೊಲ್ಲು. ಒರೆಸಿ ಒರೆಸಿ ಸಾಕಾಯ್ತು ಕಂಡಕ್ಟರಮ್ಮ.”

ಅವಳು ಅವನ ಕೈ ನೋಡಿದಳು. ಬೆರಳ ಗೆಣ್ಣುಗಳ ಮೇಲೆ ಚರ್ಮ ಕಿತ್ತು ಹಸಿಹಸಿಯಾಗಿತ್ತು.

“ಇದೇನಿದು?”

“ಮೊನ್ನೆ ಟಯರ್ ಬಿಚ್ಚುವಾಗ ತರಚಿತು. ಏನೂ ಇಲ್ಲ ಬಿಡಿ.”

“ನೀವು ಚುಚ್ಚಿಸಿಕೊಂಡು ಎಷ್ಟು ದಿನ ಆಯ್ತು?”

“ದಿನವಾ? ಸೇರಿದ ಹೊಸದರಲ್ಲಿ ಹಾಕಿದ್ದು. ಆರೇಳು ವರ್ಷ ಆಗಿರಬೇಕು. ಯಾಕೆ?”

ಅವಳು ತಕ್ಷಣ ಹೊರಗೆ ಬಂದಳು. ಪುಟ್ಟಿ ಕೈಗೆ ಕರ್ಚೀಫು ಸುತ್ತಿಕೊಂಡು, ಚೀಲ ಹೆಗಲಿಗೇರಿಸಿ ಬಾಗಿಲಲ್ಲೇ ನಿಂತಿದ್ದಳು. ಅತ್ತಿಗೆಯ ಮುಖ ನೋಡಿದ್ದೇ ಅವಳಿಗೆ ಎಲ್ಲ ಅರ್ಥವಾಯಿತು. ಎರಡೂ ಕೈ ಚಾಚಿ ದಾರಿಗೆ ಅಡ್ಡ ನಿಂತಳು.

“ನರಿ ನೀರು ಕುಡೀತಿಲ್ಲ ಪುಟ್ಟಿ. ಜೊಲ್ಲು ಸುರೀತಿದೆ. ಹಾರನ್ ಅಣ್ಣನ ಕೈಗೂ ತಾಗಿದೆ, ಅವನ ಕೈಯಲ್ಲಿ ಗಾಯ ಇದೆ.”

“ಅವಳಿಗೆ ಏನೋ ನೋವಿರಬೇಕು, ಅಷ್ಟೇ. ನನಗೆ ಗೊತ್ತು ಅವಳು.”

“ನಿನಗೆ ಹೇಗೆ ಗೊತ್ತಾಗುತ್ತೆ?”

“ಫಾರಂ ತುಂಬಿದ್ದು ಯಾರು ಅಂತಲೂ ಹೇಳ್ತೀರಾ ಡಾಕ್ಟರಿಗೆ?”

ಕಂಡಕ್ಟರಮ್ಮ ಅಡ್ಡ ಚಾಚಿದ್ದ ಅವಳ ಎಡಗೈಯನ್ನು ಮೆಲ್ಲಗೆ ಕೆಳಗಿಳಿಸಿದಳು.

“ಹೇಳ್ತೀನಿ” ಎಂದಳು. “ಸರಿ ಪಕ್ಕಕ್ಕೆ.”

ಡಾಕ್ಟರು ಆಮೆಯೊಂದರ ಚಿಪ್ಪಿಗೆ ಪಟ್ಟಿ ಅಂಟಿಸುತ್ತಿದ್ದರು. ಕೇಳಿ ಮುಗಿಯುವ ಮೊದಲೇ ಎದ್ದರು. “ಕಚ್ಚಿ ಎಷ್ಟು ಹೊತ್ತಾಯ್ತು?” ಎಂದಷ್ಟೇ ಕೇಳಿ ಆಸ್ಪತ್ರೆಗೆ ಫೋನು ಮಾಡಿದರು. ಹಾರನ್ ಅಣ್ಣನನ್ನು ಕರೆದು ಕೈ ನೋಡಿದರು. ಯಾವಾಗಲೂ ನಗುತ್ತಿದ್ದವನ ಮುಖದಲ್ಲಿ ಈ ಸಲ ನಗುವಿರಲಿಲ್ಲ.

“ಇಂಜೆಕ್ಷನ್ ಹೇಗೂ ತಗೊಳ್ತೀವಲ್ಲ ಡಾಕ್ಟರ್” ಎಂದಳು ಪುಟ್ಟಿ. “ಅವಳನ್ನ ಒಬ್ಬಳೇ ಇಟ್ಟು ನೋಡಬಹುದಲ್ಲ. ನಾಯಿಗಳನ್ನ ಹತ್ತು ದಿನ ಇಟ್ಟು ನೋಡ್ತೀರಿ.”

“ನಾಯಿಗೆ ಆ ಲೆಕ್ಕ ಇದೆ ತಾಯಿ. ಕಾಡುಪ್ರಾಣಿಯನ್ನ ಎಷ್ಟು ದಿನ ಇಟ್ಟು ನೋಡಿದರೆ ಸಾಕು ಅಂತ ಯಾರೂ ಹೇಳಲಾರರು. ಪಕ್ಕದ ಪಂಜರದಲ್ಲಿ ನಾಲ್ಕು ಮರಿ ಇವೆ. ಆಚೆ ಅರವತ್ತು ನಾಯಿ ಇವೆ. ಹೀಗೇ ಕಾಡಿಗೆ ಬಿಟ್ಟು, ಅದಕ್ಕೆ ರೋಗ ಇದ್ದರೆ?”

ಪುಟ್ಟಿ ತಲೆ ತಗ್ಗಿಸಿ ಗಾಡಿಯ ಕಡೆ ನಡೆದಳು.

ಆಸ್ಪತ್ರೆಗೆ ಹಾರನ್ ಅಣ್ಣನೇ ಗಾಡಿ ಓಡಿಸಿದ. ದಾರಿಯುದ್ದಕ್ಕೂ ಒಂದು ಸಲವೂ ಹಾರನ್ ಹೊಡೆಯಲಿಲ್ಲ. ಗಾಯದ ಸುತ್ತ ಸೂಜಿ ಚುಚ್ಚುವಾಗ ಪುಟ್ಟಿ ಗೋಡೆಯ ಕಡೆ ತಿರುಗಿದ್ದಳು. ಹಿಡಿಯಲು ಅತ್ತಿಗೆ ಚಾಚಿದ ಕೈ ಅಲ್ಲೇ ಉಳಿಯಿತು. ಅವರು ವಾಪಸು ಬರುವಷ್ಟರಲ್ಲಿ ಪಂಜರ ಖಾಲಿಯಾಗಿತ್ತು. ನೆಲ ತೊಳೆದು ಔಷಧಿ ಹಾಕಿದ್ದರು, ಇನ್ನೂ ಒಣಗಿರಲಿಲ್ಲ.

ಐದನೆಯ ದಿನ ವರದಿ ಬಂತು. ರೋಗ ಇರಲಿಲ್ಲ.

ಡಾಕ್ಟರು ಮೂವರನ್ನೂ ಕೂರಿಸಿಕೊಂಡು ಹೇಳಿದರು. “ಎಡ ದವಡೆ ಬಿರುಕು ಬಿಟ್ಟು ಒಳಗೆ ಕೀವು ತುಂಬಿತ್ತು. ಅದಕ್ಕೇ ಜೊಲ್ಲು, ಅದಕ್ಕೇ ನೀರು ಬೇಡವಾಗಿದ್ದು. ನಾನು ಕಾಲು ನೋಡಿದೆ, ಬಾಯಿ ಸರಿಯಾಗಿ ನೋಡಲಿಲ್ಲ. ಆ ತಪ್ಪು ನನ್ನದು.” ಆಮೇಲೆ ಕಂಡಕ್ಟರಮ್ಮನ ಕಡೆ ತಿರುಗಿದರು. “ಫಾರಂನದ್ದು ನಿಮ್ಮದು. ಇನ್ನು ಒಳಗಿನ ವಾರ್ಡು ನಿಮಗಿಬ್ಬರಿಗೂ ಇಲ್ಲ. ತಟ್ಟೆ ತೊಳೆಯೋಕೆ ಬರೋದಾದರೆ ಬನ್ನಿ.”

ಮನೆಯಲ್ಲಿ ಪುಟ್ಟಿ ಅತ್ತಿಗೆಯ ಜೊತೆ ಮಾತು ಬಿಟ್ಟಳು. ಏನಿದ್ದರೂ ಅಣ್ಣನ ಮೂಲಕ. “ನಿಮ್ಮಿಬ್ಬರ ನಡುವೆ ನಾನು ಟಪಾಲು ಡಬ್ಬ ಆಗಿಬಿಟ್ಟೆ” ಎಂದು ಅವನು ಗೊಣಗಿದ, ಇಬ್ಬರೂ ನಗಲಿಲ್ಲ. ತಾನು ಮಾಡಿದ್ದು ಸರಿ ಎಂದು ಕಂಡಕ್ಟರಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೂ, ಬಸ್ಸಿನಲ್ಲಿ ಯಾರಾದರೂ ನಾಯಿಮರಿ ಎತ್ತಿಕೊಂಡು ಹತ್ತಿದರೆ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಗುರುವಾರ ಒಬ್ಬಳೇ ಹೋಗಿ ತಟ್ಟೆ ತೊಳೆದು ಬರುತ್ತಿದ್ದಳು.

ಕೊನೆಯ ಇಂಜೆಕ್ಷನ್ನಿನ ದಿನ ಪುಟ್ಟಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು, ಯಾರಿಗೋ ಹೇಳಿದಂತೆ, “ಬರ್ತೀರಾ?” ಎಂದಳು. ಕಂಡಕ್ಟರಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಹೊರಟಳು.

ಆಸ್ಪತ್ರೆಯ ಬೆಂಚಿನ ಮೇಲೆ ಬಹಳ ಹೊತ್ತು ಕೂತಮೇಲೆ ಪುಟ್ಟಿ ಬಾಯಿ ಬಿಟ್ಟಳು.

“ಹಾರನ್ ಅಣ್ಣನ ಕೈಯಲ್ಲಿ ಗಾಯ ಇದ್ದದ್ದು, ಅದಕ್ಕೆ ಅವಳ ಜೊಲ್ಲು ತಾಗಿದ್ದು ನಾನು ಹಿಂದಿನ ದಿನವೇ ನೋಡಿದ್ದೆ ಅತ್ತಿಗೆ. ಅವಳು ಕಚ್ಚಿದ ಕೂಡಲೇ ಅದು ನೆನಪಿಗೂ ಬಂತು. ಆದರೂ ಹೇಳೋದು ಬೇಡ ಅಂತಲೇ ಅಂದುಕೊಂಡೆ.”

ಕಂಡಕ್ಟರಮ್ಮ ಅವಳ ಕಡೆ ತಿರುಗಿ ಕೂತಳು.

“ಅವನಿಗೆ ಹೇಳಲಾ?”

“ಹೇಳು.”

“ನೀವೂ ಬರ್ತೀರಾ ಜೊತೆಗೆ?”

ಅಷ್ಟರಲ್ಲಿ ನರ್ಸು ಬಾಗಿಲಿಂದ ಕರೆದಳು. ಇಬ್ಬರೂ ಎದ್ದು ಒಳಗೆ ಹೋದರು.